ಸಹಾಯ ಬೇಕು: ಚಾಗಸ್ ಹೃದಯರೋಗ ಮತ್ತು ಮೈಕ್ರೋ ಆರ್‌ಎನ್‌ಎ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಸೆಮಿನಾರ್‌ಗೆ ಚಾಗಸ್ ಕಾಯಿಲೆ ಆರಿಸಿಕೊಂಡಿದ್ದೇನೆ. 1909ರಲ್ಲಿ ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಸ್ ಗುರುತಿಸಿದ ರೋಗ ಇದು. ಟ್ರಿಪನೊಸೋಮಾ ಕ್ರೂಜಿ ಎಂಬ ಪರಾವಲಂಬಿ, ರಕ್ತ ಹೀರುವ ಕೀಟದ ಮೂಲಕ ಮೈಸೇರುತ್ತದೆ. ಸೋಂಕಿತರಲ್ಲಿ ನೂರಕ್ಕೆ 20ರಿಂದ 30 ಜನರಿಗೆ, ಎಷ್ಟೋ ವರ್ಷಗಳ ಮೇಲೆ, ಹೃದಯ ಕೆಡುತ್ತದೆ. ಯಾರಿಗೆ ಅಂತ ಮೊದಲೇ ಹೇಳುವುದೇ ಕಷ್ಟ ಅಲ್ವಾ? ಅದಕ್ಕೇ, ಮೊದಲೇ ಸುಳಿವು ಕೊಡಬಹುದೆಂದು, ಪ್ರೋಟೀನ್ ಮಾಡದ ಆರ್‌ಎನ್‌ಎಗಳ ಮೇಲೆ ಸಂಶೋಧಕರ ಕಣ್ಣು. ಅವುಗಳಲ್ಲಿ ತೀರಾ ಚಿಕ್ಕವು ಮೈಕ್ರೋ ಆರ್‌ಎನ್‌ಎಗಳು; ಹೆಸರಿನ ಮುಂದೆ 'ಮಿಆರ್' ಅಂತ ಬರೆಯುತ್ತಾರೆ.

ನನ್ನ ಗೊಂದಲ ಇದು. ಚಾಗಸ್‌ನಿಂದ ಹೃದಯ ಕೆಟ್ಟ ರೋಗಿಗಳ ಹೃದಯದ ಅಂಗಾಂಶದಲ್ಲಿ ಮಿಆರ್-1, ಮಿಆರ್-133, ಮಿಆರ್-208 ಕಡಿಮೆಯಾಗಿವೆ. ಆದರೆ ಹೃದಯ ಇನ್ನೂ ಚೆನ್ನಾಗಿರುವ ಸೋಂಕಿತರ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗ) ಮಿಆರ್-208ಎ ಜಾಸ್ತಿ ಕಂಡಿದೆ! ಹಾನಿಯಾದ ಸ್ನಾಯುಕೋಶದಿಂದ ರಕ್ತಕ್ಕೆ ಸೋರಿದ್ದಿರಬಹುದಾ?

ಇನ್ನೊಂದು ಪ್ರಶ್ನೆ. ಸೀರಂನಲ್ಲಿ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ದ್ರವ) ಈ ಮಿಆರ್‌ಗಳನ್ನು ಅಳೆಯುವಾಗ, ಹೋಲಿಕೆಗೆ ಮಟ್ಟ ಬದಲಾಗದ ಯಾವ ಆರ್‌ಎನ್‌ಎ ಇಟ್ಟುಕೊಳ್ಳುತ್ತೀರಿ? ಜೀವಕೋಶದೊಳಗಿನ ಯು6 ಎಂಬ ಚಿಕ್ಕ ಆರ್‌ಎನ್‌ಎ ಅಲ್ಲಿ ನಂಬಿಕೆಗೆ ಬರುವುದಿಲ್ಲ. ಮಿಆರ್-16 ಕೆಂಪು ರಕ್ತಕಣ ಒಡೆದರೆ ಏರಿಬಿಡುತ್ತದೆ. ಕ್ಯೂಪಿಸಿಆರ್ (ಆರ್‌ಎನ್‌ಎ ಪ್ರಮಾಣ ಅಳೆಯುವ ಲ್ಯಾಬ್ ವಿಧಾನ) ಮಾಡಿದ ಅನುಭವ ಇರುವವರು ದಯವಿಟ್ಟು ತಿಳಿಸಿ. ಸುಮ್ನೆ ಪೇಪರ್‌ಗಳ ಹೆಸರು ಬೇಡ, ನೀವು ಲ್ಯಾಬ್‌ನಲ್ಲಿ ಏನು ಮಾಡಿದಿರಿ ಅಂತ ಹೇಳಿದರೆ ಸಾಕು.