ಎಸ್‌ಎಸ್‌ಡಿ ಎನ್‌ಕ್ಲೋಜರ್ ಅರ್ಧ ಕಾಪಿಗೇ ಕೈ ಕೊಡುತ್ತಿದೆ, ಹಳೇದಂತೂ ಕಾಣಿಸುತ್ತಲೇ ಇಲ್ಲ

ಕಲಬುರಗಿ ಕ್ಯಾಮೆರಾ:
ನಮಸ್ಕಾರ ರೀ. ಮದುವೆ ಫೋಟೋ, ವಿಡಿಯೋ ಮಾಡುವವನು ನಾನು. ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಯುಎಸ್‌ಬಿ ಎನ್‌ಕ್ಲೋಜರ್ (ಎಸ್‌ಎಸ್‌ಡಿ ಒಳಗಿಟ್ಟು ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸುವ ಡಬ್ಬಿ) ತಗೊಂಡು, ಹೊಸ 1 ಟಿಬಿ ಎನ್‌ವಿಎಂಇ (ವೇಗದ ತರಹದ) ಎಸ್‌ಎಸ್‌ಡಿ ಹಾಕಿದೆ. ಕಾಪಿ ಶುರುವಾಗುತ್ತೆ, ಹತ್ತು ಹದಿನೈದು ಜಿಬಿ ಹೋಗುತ್ತೆ, ಆಮೇಲೆ ಟುಣ್ ಅಂತ ಸದ್ದು ಬಂದು ಡ್ರೈವ್ ಮಾಯ. ಕಿತ್ತು ಹಾಕಿದರೆ ಮತ್ತೆ ಬರುತ್ತೆ. ಸ್ಪೀಡ್ ಸೆಕೆಂಡಿಗೆ 40 ಎಂಬಿ ದಾಟಿಲ್ಲ. ಎರಡು ಸಲ ಫಾರ್ಮ್ಯಾಟ್ ಮಾಡಿ ನೋಡಿದೆ, ಅಷ್ಟೇ.

ಹಳೇ ಲ್ಯಾಪ್‌ಟಾಪ್‌ನಿಂದ ತೆಗೆದ 256 ಜಿಬಿ ಎಂ.2 (ಪಟ್ಟಿಯಂಥ ಸಣ್ಣ ಎಸ್‌ಎಸ್‌ಡಿ) ಅದೇ ಡಬ್ಬಿಗೆ ಹಾಕಿದರೆ ಲೈಟ್ ಹತ್ತುತ್ತೆ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮಾತ್ರ ಸುಳಿವೇ ಇಲ್ಲ. ಅಂಗಡಿಯವರು "ಎಸ್‌ಎಸ್‌ಡಿನೇ ಹೋಗಿದೆ ಅಣ್ಣ" ಅಂತಾರೆ. ಎರಡೂ ಒಟ್ಟಿಗೆ ಹೋಗುತ್ತಾ? ಡಬ್ಬಿ ಕೈಗೆ ಸುಡುತ್ತೆ, ಈ ಬಿಸಿಲಲ್ಲಿ ನಾವೂ ಸುಡ್ತಿದ್ದೀವಿ, ಅದು ಬೇರೆ ಮಾತು.

ಬೀದರ್ ಕೋಟೆ ಹಿಂದೆ:
ಅಣ್ಣ, ಮೊದಲು ಕೇಬಲ್ ಯಾವುದು ಹೇಳಿ. ಡಬ್ಬಿ ಜೊತೆ ಬಂದಿದ್ದಾ, ಮೊಬೈಲ್ ಚಾರ್ಜರ್‌ದಾ? 40 ಎಂಬಿ ಅಂದರೆ ಅದು ಯುಎಸ್‌ಬಿ 2.0 ಸ್ಪೀಡು. ಕೇಬಲ್‌ನ ಅಗಲ ತುದಿಯ ಒಳಗೆ ಟಾರ್ಚ್ ಬಿಟ್ಟು ನೋಡಿ. ನಾಲ್ಕೇ ಪಟ್ಟಿ ಇದ್ದರೆ 2.0, ಹಿಂದೆ ಆಳದಲ್ಲಿ ಇನ್ನೂ ಐದು ಸಣ್ಣವು ಕಂಡರೆ 3.0. 2.0 ಪೋರ್ಟ್ ಕೊಡುವ ಲೆಕ್ಕ 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. 3.0ಗೆ 900, ನಾಲ್ಕೂವರೆ ವ್ಯಾಟ್. ಬರೆಯುವಾಗ ಎನ್‌ವಿಎಂಇ ಜಾಸ್ತಿ ಎಳೆಯುತ್ತೆ, ಸಣ್ಣ ತಂತಿಯಲ್ಲಿ ವೋಲ್ಟೇಜ್ ಇಳಿಯುತ್ತೆ, ಡ್ರೈವ್ ಕಟ್. ಇದೇ ತಪ್ಪು ಮಾಡಿ ನಾನು ಸರಿ ಇದ್ದ ಡ್ರೈವ್ ವಾಪಸ್ ಕೊಟ್ಟು ಬಂದಿದ್ದೆ.

ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬೇಡ, ಹಿಂದೆ ಮದರ್‌ಬೋರ್ಡ್‌ಗೇ ಇರುವುದಕ್ಕೆ ಹಾಕಿ.

ಹಳೇದರ ಚಿನ್ನದ ಬಣ್ಣದ ಅಂಚು ನೋಡಿ, ಕಚ್ಚು ಎಷ್ಟಿವೆ? ಎರಡಿದ್ದರೆ ಬಹುತೇಕ ಸಾಟಾ, ಅಂದರೆ ಎನ್‌ವಿಎಂಇಗಿಂತ ಹಳೇ ತರಹದ್ದು. ನಿಮ್ಮದು ಎನ್‌ವಿಎಂಇ ಮಾತ್ರ ಓದುವ ಡಬ್ಬಿ ಆದರೆ ಲೈಟ್ ಹತ್ತಬಹುದು, ಡ್ರೈವ್ ಕಾಣಲ್ಲ. ಕೆಟ್ಟಿಲ್ಲ ಅದು.

ಯಾದಗಿರಿ ಪ್ಯಾಸೆಂಜರ್:
ಎಲ್ಲಾ ಕೇಬಲ್ ಮೇಲೆ ಹಾಕಬೇಡಿ. ನನ್ನದು ಒಳ್ಳೇ ಕೇಬಲ್‌ನಲ್ಲೂ ಲಿನಕ್ಸ್‌ನಲ್ಲಿ ಕಟ್ ಆಗ್ತಿತ್ತು, ವಿಂಡೋಸ್‌ನಲ್ಲಿ ಸುಮ್ನೆ ನಡೀತಿತ್ತು. ಕೆಲವು ಬ್ರಿಡ್ಜ್ ಚಿಪ್‌ಗೂ (ಡಬ್ಬಿಯೊಳಗೆ ಎಸ್‌ಎಸ್‌ಡಿಯನ್ನು ಯುಎಸ್‌ಬಿಗೆ ಜೋಡಿಸುವ ಚಿಪ್) ಯುಎಎಸ್ ಡ್ರೈವರ್‌ಗೂ (ಯುಎಸ್‌ಬಿ ಡ್ರೈವ್ ಜೊತೆ ವೇಗವಾಗಿ ಮಾತಾಡುವ ಸಾಫ್ಟ್‌ವೇರ್) ಹೊಂದಲ್ಲ. ಆ ಚಿಪ್‌ಗೆ ಮಾತ್ರ ಯುಎಎಸ್ ಬಂದ್ ಮಾಡಿದೆ, ಸ್ಪೀಡ್ ಸ್ವಲ್ಪ ಇಳಿಯಿತು, ಕಟ್ ಆಗುವುದು ನಿಂತಿತು. ಆದರೆ ನಿಮಗೆ 40 ಎಂಬಿ ಅಂದ ಮೇಲೆ, ಒಪ್ಪಿದೆ, ಕೇಬಲ್ಲೇ ಮೊದಲು.

ಇನ್ನೊಂದು, ಒಳಗಿನ ಥರ್ಮಲ್ ಪ್ಯಾಡ್ (ಡ್ರೈವ್‌ನ ಶಾಖವನ್ನು ಡಬ್ಬಿಗೆ ದಾಟಿಸುವ ಮೆತ್ತನೆಯ ಪಟ್ಟಿ) ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ? ಹೊರಗಿನ ಅಲ್ಯೂಮಿನಿಯಂ ಬಿಸಿ ಆಗಲೇಬೇಕು, ಒಳಗಿನ ಶಾಖ ಹೊರಗೆ ಬರುವ ದಾರಿಯೇ ಅದು.

ಕಲಬುರಗಿ ಕ್ಯಾಮೆರಾ:
ಚಾರ್ಜರ್ ಕೇಬಲ್ಲೇ ರೀ! ಡಬ್ಬಿಯದ್ದನ್ನು ಹುಡುಗ ಎಲ್ಲೋ ಇಟ್ಟಿದ್ದ, ಟ್ರೈಪಾಡ್ ಬ್ಯಾಗಿನಲ್ಲಿ ಸಿಕ್ಕಿತು. ಹಿಂದಿನ ಪೋರ್ಟ್‌ಗೆ ಹಾಕಿದೆ, 400 ಎಂಬಿ ಆಸುಪಾಸು, 180 ಜಿಬಿ ಒಂದೇ ಏಟಿಗೆ ಹೋಯಿತು. ಮುಂದಿನ ಪೋರ್ಟ್‌ನಲ್ಲಿ ಒಳ್ಳೇ ಕೇಬಲ್ ಹಾಕಿದರೂ ಒಂದು ಸಲ ಕಟ್ ಆಯಿತು, ಅದರ ಸಹವಾಸ ಬಿಟ್ಟೆ. ಪ್ಯಾಡ್ ಮೇಲಿನ ನೀಲಿ ಹಾಳೆ ಹಾಗೇ ಇತ್ತು, ನಗಬೇಡಿ. ಹಳೇದರಲ್ಲಿ ಎರಡು ಕಚ್ಚು. ಅದರಲ್ಲಿ ಮಗಳ ತೊಟ್ಟಿಲ ಶಾಸ್ತ್ರದ ಫೋಟೋ ಇವೆ, ಎರಡೂ ತರಹದ್ದು ಓದುವ ಡಬ್ಬಿ ಬರುತ್ತಾ?

ಬೀದರ್ ಕೋಟೆ ಹಿಂದೆ:
ಬರುತ್ತೆ. ರಿಯಲ್‌ಟೆಕ್ 9210ಬಿ ಚಿಪ್ ಇರುವುದು ಕೇಳಿ, ಸಾಟಾ, ಎನ್‌ವಿಎಂಇ ಎರಡೂ ಓದುತ್ತೆ. ಹಾಕಿದ ತಕ್ಷಣ ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಲ್ಯಾಪ್‌ಟಾಪ್‌ನ ಡ್ರೈವ್ ಅಲ್ವಾ, ಬಿಟ್‌ಲಾಕರ್ (ವಿಂಡೋಸ್ ಡ್ರೈವ್‌ಗೆ ಹಾಕುವ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಆ ಲ್ಯಾಪ್‌ಟಾಪ್‌ಗೆ ಹಾಕಿದ್ದ ಮೈಕ್ರೋಸಾಫ್ಟ್ ಅಕೌಂಟ್‌ನ ಪಾಸ್‌ವರ್ಡ್ ಈಗಲೇ ಹುಡುಕಿಟ್ಟುಕೊಳ್ಳಿ, ಕೀ ಸಾಮಾನ್ಯವಾಗಿ ಅದರಲ್ಲೇ ಇರುತ್ತೆ.