ಎರೆಮಣ್ಣಿನ ಹಿತ್ತಲು: ಮಳೆಗಾಲಕ್ಕೆ ಎಲ್ಲ ಕೊಳೆಯಿತು, ಈಗ ಏನು ಹಾಕಲಿ?

ಹೊಸ_ಹಿತ್ತಲು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾವಿರೋದು ಹುಬ್ಬಳ್ಳಿಯಲ್ಲಿ, ಗದಗ ರಸ್ತೆ ಕಡೆ. ಹೋದ ವರ್ಷ ಸ್ವಂತ ಮನೆಗೆ ಬಂದೆವು. ಹಿತ್ತಲಲ್ಲಿ ಹತ್ತು ಅಡಿಗೆ ಹದಿನೆಂಟು ಅಡಿ ಜಾಗ ಇದೆ. ಅಪ್ಪಟ ಎರೆಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು. ಬೇಸಿಗೆಯಲ್ಲಿ ಎಂಥ ಬಿರುಕು ಬಿಟ್ಟಿತ್ತೆಂದರೆ ಮಗನ ಪೆನ್ಸಿಲ್ ಒಂದು ಒಳಗೆ ಬಿದ್ದಿದ್ದು ಇವತ್ತಿಗೂ ಸಿಕ್ಕಿಲ್ಲ.

ಮೃಗಶಿರ ಮಳೆ ಬಿದ್ದ ಮರುದಿನವೇ ಹುರುಪಿನಿಂದ ಸಲಿಕೆ ಹಿಡಿದು ಇಳಿದೆ. ಚಪ್ಪಲಿ ಮಣ್ಣಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ಆದರೂ ಬಿಡದೆ ಅಗೆದು, ಸಪಾಟು ಮಾಡಿ ಟೊಮೆಟೊ, ಮುಳಗಾಯಿ (ಬದನೆ), ಮೆಣಸಿನಕಾಯಿ, ಮೆಂತೆ, ಕೊತ್ತಂಬರಿ, ಗಜ್ಜರಿ (ಕ್ಯಾರೆಟ್) ಎಲ್ಲ ಒಟ್ಟಿಗೇ ಹಾಕಿದೆ. ಮಣ್ಣು ಸಡಿಲಾಗಲಿ ಅಂತ ಒಂದು ವಿಡಿಯೊ ನೋಡಿ ಎರಡು ಚೀಲ ಉಸುಕು ಬೇರೆ ಕಲಸಿದೆ.

ಮೆಂತೆ ಹಳದಿಯಾಗಿ ಕೊಳೆಯಿತು. ಟೊಮೆಟೊ ಸಸಿಗಳು ಬುಡದಲ್ಲೇ ಕುತ್ತಿಗೆ ಮುರಿದಂತೆ ಮಲಗಿದವು. ಗಜ್ಜರಿ ಬರಲೇ ಇಲ್ಲ. ಮುಳಗಾಯಿ ಆರರಲ್ಲಿ ನಾಲ್ಕು ಉಳಿದಿವೆ, ಆದರೆ ಚಿಗುರು ಬಾಡಿ ಜೋತು ಬೀಳುತ್ತಿವೆ. ನೀರು ಕಡಿಮೆಯಾಯಿತೇನೋ ಅಂತ ಜಾಸ್ತಿ ಹಾಕಿದೆ, ಏನೂ ಉಪಯೋಗ ಆಗಲಿಲ್ಲ. ಮೆಣಸಿನ ಎಲೆ ಮುದುಡಿವೆ. ಇಷ್ಟು ದಿನಕ್ಕೆ ಸಿಕ್ಕಿದ್ದು ಏಳು ಮುಳಗಾಯಿ, ಅದರಲ್ಲಿ ಮೂರಕ್ಕೆ ಹುಳ. ಉಳಿದ ನಾಲ್ಕರ ಎಣ್ಣೆಗಾಯಿ ಮಾಡಿದ ದಿನ ನಮ್ಮವರು, "ಎರಡು ಸಾವಿರ ರೂಪಾಯಿ ಎಣ್ಣೆಗಾಯಿ, ನಿಧಾನಕ್ಕ ಊಟ ಮಾಡು" ಅಂದರು.

ಔಷಧಿ ಹೊಡೆಯೋದು ಬೇಡ. ಮಗ ಹಿತ್ತಲಲ್ಲಿ ಸಿಕ್ಕ ಎಲೆಯನ್ನೆಲ್ಲ ಬಾಯಿಗೆ ಹಾಕುತ್ತಾನೆ. ಗಣೇಶನ ಹಬ್ಬ ಮುಗಿಯಿತು, ಉತ್ತರಿ ಮಳೆ ನಡೆದಿದೆ. ಈಗ ಏನು ಹಾಕಬಹುದು? ಅಥವಾ ಈ ಮಣ್ಣೇ ತೆಗೆಸಿ ಕೆಂಪು ಮಣ್ಣು ಹಾಕಿಸಲಾ? ಟ್ರ್ಯಾಕ್ಟರಿನವರು ದರ ಹೇಳಿ ಹೋಗಿದ್ದಾರೆ.

ಗದಗಿನವ

ಮೊದಲು ಟ್ರ್ಯಾಕ್ಟರಿನವರಿಗೆ ಬೇಡ ಅಂತ ಹೇಳಿ.

ಎರೆಗೆ ಉಸುಕು ಹಾಕಬಾರದು. ಎರಡು ಚೀಲದಿಂದ ಮಣ್ಣಿನ ಗುಣ ಬದಲಾಗೋದಿಲ್ಲ, ಒಣಗಿದ ಮೇಲೆ ಗಚ್ಚಿನ ಹಾಗೆ ಗಟ್ಟಿಯಾಗುತ್ತದೆ. ನಾನೂ ಮಾಡಿ ಕೆಟ್ಟಿದ್ದೇನೆ. ಹಾಕಬೇಕಾದ್ದು ಗೊಬ್ಬರ, ಎಲೆಗೊಬ್ಬರ, ಶೇಂಗಾ ಹೊಟ್ಟು. ವರ್ಷಕ್ಕೆ ಎರಡು ಸಲ, ಕೈ ಬಿಚ್ಚಿ.

ಇನ್ನೊಂದು. ನೀವು ಹಾಕೋದು ಬೋರ್ ನೀರಾ? ನಮ್ಮ ಕಡೆ ಬೋರ್ ನೀರು ಸವಳು. ಮಡಿ ಒಣಗಿದಾಗ ಮೇಲೆ ಬಿಳಿ ಪುಡಿ ಕೂತರೆ ಅದೇ ಕಾರಣ. ನಾನು ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು, ನೀರು ಎರಡೂ ಒಯ್ದು ಪರೀಕ್ಷೆ ಮಾಡಿಸಿದೆ. ನಿಮಗೆ ಧಾರವಾಡ ಹತ್ತಿರ. ಜೀವಾಮೃತ (ಸಗಣಿ, ಗೋಮೂತ್ರ, ಬೆಲ್ಲ, ಕಾಳಿನ ಹಿಟ್ಟು ನೀರಲ್ಲಿ ಕಲಸಿ ಹುಳಿ ಬರಿಸಿದ್ದು) ಹದಿನೈದು ದಿನಕ್ಕೊಮ್ಮೆ ಹಾಕಿ ನೋಡಿ, ನನಗೆ ಚಲೋ ಬಂದಿದೆ.

ಎರೆಸೀಮೆ_ಅಜ್ಜಿ (ಹುಬ್ಬಳ್ಳಿ)

ತಂಗಿ, ನಿನ್ನ ಪೆನ್ಸಿಲ್ ಕಥೆ ಓದಿ ನಕ್ಕೆ. ನಮ್ಮ ಹಿತ್ತಲ ಬಿರುಕಿನಲ್ಲಿ ನನ್ನ ಬೆಳ್ಳಿ ಕಾಲುಂಗುರ ಇದೆ.

ನನ್ನ ತವರು ನವಲಗುಂದ ಕಡೆ. ಎರೆ ಬಿಟ್ಟು ಬೇರೆ ಮಣ್ಣು ಕಂಡವಳಲ್ಲ. ಮದುವೆಯಾಗಿ ಹುಬ್ಬಳ್ಳಿಗೆ ಬಂದರೆ ಇಲ್ಲೂ ಅದೇ ಮಣ್ಣು. ಇಪ್ಪತ್ತೆರಡು ವರ್ಷದಿಂದ ಇದೇ ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆದಿದ್ದೇನೆ. ಮಣ್ಣು ತೆಗೆಸಬೇಡ. ಎರೆಯಷ್ಟು ಹಸಿ ಹಿಡಿದಿಡುವ ಮಣ್ಣು ಬೇರೆ ಇಲ್ಲ. ನಮ್ಮ ಕಡೆ ಹಿಂಗಾರಿ ಕಡಲೆ, ಬಿಳಿಜೋಳ ಬರೋದೇ ಆ ಹಸಿಯ ಮೇಲೆ. ಮಳೆ ನಿಂತ ಮೇಲೆ ಒಂದು ಹನಿ ನೀರು ಕೊಡದೆ ಬೆಳೆ ತೆಗೆಯುತ್ತಾರೆ.

ನೀನು ತಪ್ಪಿದ್ದು ಒಂದೇ ಕಡೆ. ಹಸಿ ಎರೆಗೆ ಸಲಿಕೆ ಹಾಕಿದೆ. ಹಸಿ ಇದ್ದಾಗ ತುಳಿದರೆ, ಅಗೆದರೆ ಒಳಗೆ ಗಾಳಿ ಆಡುವ ಸಂದೆಲ್ಲ ಮುಚ್ಚಿಹೋಗುತ್ತದೆ. ಆಮೇಲೆ ಬೇರಿಗೆ ಉಸಿರಿಲ್ಲ. ಮೆಂತೆ ಹಳದಿಯಾಗಿದ್ದು ಅದಕ್ಕೇ. ಟೊಮೆಟೊ ಕುತ್ತಿಗೆ ಮುರಿದಿದ್ದು ಸಸಿ ಕೊಳೆ ರೋಗ. ಅದೂ ನೀರು ನಿಂತಿದ್ದರಿಂದ ಬಂದಿದ್ದು.

ನಮ್ಮ ಅತ್ತೆಗೆ ಹದ ನೋಡಲು ಒಂದು ಲೆಕ್ಕ ಇತ್ತು. ಮಡಿಯಿಂದ ಒಂದು ಹಿಡಿ ಮಣ್ಣು ತೆಗೆದು ಎತ್ತು ಮಾಡು ಅನ್ನುತ್ತಿದ್ದರು. ಮಣ್ಣೆತ್ತಿನ ಅಮವಾಸ್ಯೆಗೆ ಮಾಡುತ್ತೇವಲ್ಲ, ಹಾಗೆ. "ಎತ್ತಿಗೆ ಕೋಡು ನಿಂತರ ಮಡಿಗೆ ಕೈ ಹಚ್ಚಬ್ಯಾಡ. ಕೋಡು ಉದುರಿದರ ಸಲಿಕಿ ತಗೋ." ಅಂದರೆ ಉಂಡೆ ಕಟ್ಟಿ ಹೆಬ್ಬೆರಳಿಂದ ಒತ್ತಿದರೆ ಪುಡಿಪುಡಿಯಾಗಬೇಕು. ಬಳ್ಳಿಯ ಹಾಗೆ ಉದ್ದಕ್ಕೆ ಎಳೆದುಕೊಂಡು ಬಂದರೆ ಇನ್ನೂ ಹಸಿ. ತೀರಾ ಒಣಗಿ ಹೆಂಟೆಯಾದರೆ ಸಲಿಕೆಯೇ ಮುರಿಯುತ್ತದೆ. ನಡುವೆ ನಾಲ್ಕೈದು ದಿನ ಸಿಗುತ್ತದೆ, ಅಷ್ಟೇ. ಆ ದಿನಗಳಲ್ಲಿ ನಾನು ನೆಂಟರ ಮನೆಗೂ ಹೋಗೋದಿಲ್ಲ.

ಹದ ಬಂದಾಗ ಏರುಮಡಿ ಮಾಡು. ಮೂರು ಅಡಿ ಅಗಲ, ಒಂದು ಗೇಣು ಎತ್ತರ. ನಡುವೆ ಒಂದು ಅಡಿ ದಾರಿ ಬಿಡು. ಮಳೆ ನೀರು ಆ ದಾರಿಯಲ್ಲಿ ಹರಿದು ಹೋಗಲಿ, ನಿನ್ನ ಕಾಲೂ ಅಲ್ಲೇ ಇರಲಿ. ಮಡಿ ಮೇಲೆ ಯಾರೂ ಹತ್ತಬಾರದು, ಮಗ ಕೂಡ. ಎಂಟು ಅಡಿ ಉದ್ದದ ಮಡಿಗೆ ಎರಡು ಬುಟ್ಟಿ ಕಳಿತ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ. ಗೊಬ್ಬರಕ್ಕೆ ಮೊದಲೇ ಟ್ರೈಕೋಡರ್ಮಾ ಪುಡಿ (ಕೊಳೆ ರೋಗ ತಡೆಯುವ ಒಳ್ಳೇ ಶಿಲೀಂಧ್ರ) ಕಲಸಿ, ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ಎಂಟು ಹತ್ತು ದಿನ ನೆರಳಲ್ಲಿ ಇಡು. ಸಸಿ ಕೊಳೆಯುವುದು ಕಡಿಮೆಯಾಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿ ಸಂಸ್ಥೆ ಇದೆ, ಅಲ್ಲಿ ವಿಚಾರಿಸು. ಕೃಷಿ ಮೇಳಕ್ಕೆ ಹೋದರೆ ಬೀಜವನ್ನೂ ತಗೊಂಡು ಬಾ.

ಗದಗಿನವರು ಹೇಳಿದ ಜೀವಾಮೃತ ಬೇಡ ಅನ್ನಲ್ಲ, ನಾನೂ ಹಾಕುತ್ತೇನೆ. ಆದರೆ ನೀರು ನಿಲ್ಲುವ ಮಡಿಗೆ ಹಾಕಿದರೆ ಬೆಲ್ಲ ದಂಡ.

ಈಗ ಏನು ಹಾಕಬೇಕು ಅಂದೆ. ಒಳ್ಳೇ ಕಾಲಕ್ಕೆ ಕೇಳಿದ್ದೀಯ. ನಮ್ಮ ಸೀಮೆಗೆ ಹಿತ್ತಲ ಕಾಯಿಪಲ್ಲೆಗೆ ಮುಂಗಾರಿಗಿಂತ ಹಿಂಗಾರೇ ಚಲೋ. ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ ಹುಟ್ಟುತ್ತದೆ. ಆಗ ಮೆಂತೆ, ಕೊತ್ತಂಬರಿ, ಸಬ್ಬಸಗಿ, ಮೂಲಂಗಿ ಹಾಕು. ಮೆಂತೆ ಎಲ್ಲ ಒಂದೇ ದಿನ ಹಾಕಬೇಡ, ಹತ್ತು ಹತ್ತು ದಿನ ಬಿಟ್ಟು ಮೂರು ಸಲ ಹಾಕು. ಇಪ್ಪತ್ತೈದು ಮೂವತ್ತು ದಿನಕ್ಕೆ ಕೀಳಲು ಬರುತ್ತದೆ. ಒಮ್ಮೆಲೇ ಬಂದರೆ ಮೆಂತೆ ಕಡುಬು, ಮೆಂತೆ ಜುಣಕ, ಮೆಂತೆ ಪರಾಟ ಅಂತ ಮನೆಯವರು ಓಡಿಹೋಗುತ್ತಾರೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕು.

ಟೊಮೆಟೊ ಬೀಜವನ್ನು ಈಗಲೇ ಕುಂಡದಲ್ಲಿ ಹಾಕಿ ಸಸಿ ಮಾಡು, ಮಳೆ ತಾಗದ ಕಡೆ. ಇಪ್ಪತ್ತೈದು ದಿನಕ್ಕೆ ಚಿತ್ತಿ ಮಳೆ ಹೊತ್ತಿಗೆ ಕಿತ್ತು ನೆಡು. ಚಳಿಯಲ್ಲಿ ಬಿಳಿನೊಣ ಕಡಿಮೆ. ಅದೇ ಎಲೆ ಮುದುಡುವ ರೋಗ ಹೊತ್ತು ತರುವುದು. ಬೇಸಿಗೆ ಟೊಮೆಟೊ ನಾನು ಬಿಟ್ಟೇಬಿಟ್ಟೆ. ಗಜ್ಜರಿ ಎರೆಯಲ್ಲಿ ನೆಟ್ಟಗೆ ಇಳಿಯೋದಿಲ್ಲ, ಕವಲೊಡೆದು ಕಾಲು ಮಡಚಿ ಕೂತ ಹಾಗೆ ಬರುತ್ತದೆ. ಬೇಕೇ ಬೇಕು ಅಂದರೆ ಸಿಮೆಂಟ್ ಚೀಲದಲ್ಲಿ ಗೊಬ್ಬರ ಜಾಸ್ತಿ ಹಾಕಿ ಬೆಳೆ.

ಒಂದು ಮೂಲೆಯಲ್ಲಿ ಒಂದು ಹಿಡಿ ಕಡಲೆ ಚೆಲ್ಲು. ಕಾಳಿಗಲ್ಲ. ತಿಂಗಳು ಕಳೆದ ಮೇಲೆ ತುದಿ ಚಿವುಟಿ ಪಲ್ಲೆ ಮಾಡು. ಚಿವುಟಿದಷ್ಟೂ ಕವಲು ಒಡೆಯುತ್ತದೆ. ಹುಳಿ ಇರುತ್ತದೆ, ಚಿವುಟುವಾಗ ಬೆರಳಿಗೆ ಅಂಟಿದ್ದನ್ನು ನೆಕ್ಕಿದರೆ ಗೊತ್ತಾಗುತ್ತದೆ. ಎಳ್ಳಮವಾಸ್ಯೆ ಹೊತ್ತಿಗೆ ಹಕ್ಕರಕಿ ಸೊಪ್ಪು ತಾನೇ ಹುಟ್ಟುತ್ತದೆ. ಕಸ ಅಂತ ಕಿತ್ತೊಗೆಯಬೇಡ. ರೊಟ್ಟಿಗೆ ಹಸಿದೇ ತಿನ್ನಬೇಕು.

ಇನ್ನು ಮುಳಗಾಯಿ. ಬಾಡಿದ ಚಿಗುರಿಗೆ ನೀರು ಬೇಕಿಲ್ಲ. ಒಂದನ್ನು ಕಿತ್ತು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡು. ಒಳಗೆ ಕೊಳವೆಯ ಹಾಗೆ ಟೊಳ್ಳು, ಅದರ ತುಂಬ ಹಿಕ್ಕೆ, ಕೊನೆಯಲ್ಲಿ ಗುಲಾಬಿ ಬಣ್ಣದ ಸಣ್ಣ ಹುಳ ತಲೆ ಆಡಿಸುತ್ತಿರುತ್ತದೆ. ಚಿಗುರು ಮುಗಿದ ಮೇಲೆ ಅದೇ ಹುಳ ಕಾಯಿಗೆ ಇಳಿಯುತ್ತದೆ. ನಿನ್ನ ಮೂರು ಕಾಯಿ ಹೋಗಿದ್ದು ಹಾಗೆ. ಬಾಡಿದ ಚಿಗುರನ್ನು ಒಂದು ಗೇಣು ಕೆಳಗಿನಿಂದ ಕತ್ತರಿಸಿ ಸುಡು. ತಿಪ್ಪೆಗೆ ಹಾಕಿದರೆ ಹುಳ ಪತಂಗವಾಗಿ ವಾಪಸ್ ಬರುತ್ತದೆ. ವಾರಕ್ಕೆರಡು ಸಲ ತಪ್ಪದೆ ನೋಡಬೇಕು. ನಾನು ಮಂಗಳವಾರ, ಶುಕ್ರವಾರ ಚಹಾ ಕುಡಿಯುತ್ತಾ ಇದೇ ಕೆಲಸ ಮಾಡುತ್ತೇನೆ. ಜೊತೆಗೆ ಬೇವಿನ ಬೀಜದ ಕಷಾಯ ಹೊಡಿ. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜ ಕುಟ್ಟಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸಾಬೂನು ಕದಡಿ ಸಂಜೆ ಹೊತ್ತು ಸಿಂಪಡಿಸು. ಜೂನ್, ಜುಲೈನಲ್ಲಿ ಬೇವಿನ ಹಣ್ಣು ಉದುರಿದಾಗ ಆರಿಸಿ ನೆರಳಲ್ಲಿ ಒಣಗಿಸಿ ಇಟ್ಟರೆ ಕೊಳ್ಳುವ ಮಾತೇ ಇಲ್ಲ.

ಬೇಸಿಗೆ, ಮುಂದಿನ ಮುಂಗಾರಿನದು ಆಮೇಲೆ ಕೇಳು, ಕೈ ನೋಯುತ್ತಿದೆ.

ಹಾವೇರಿ_ಹುಡುಗ

ಅಜ್ಜಿ ಎಲ್ಲ ಹೇಳಿದ್ದಾರೆ. ಮೆಣಸಿನಕಾಯಿ ಬಗ್ಗೆ ಮಾತ್ರ ನಾನು ಹೇಳುತ್ತೇನೆ, ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ.

ಎಲೆ ಯಾವ ಕಡೆ ಮುದುಡಿದೆ ನೋಡಿ. ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿ. ಕೊಡೆಯ ಹಾಗೆ ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿದ್ದರೆ ಮೈಟ್ ಅನ್ನೋ ಇನ್ನೊಂದು ನುಸಿ. ಎರಡೂ ಕಣ್ಣಿಗೆ ಸರಿಯಾಗಿ ಕಾಣಲ್ಲ. ಬಿಳಿ ಹಾಳೆಯ ಮೇಲೆ ಚಿಗುರು ಕೊಡವಿದರೆ ಥ್ರಿಪ್ಸ್ ಹರಿದಾಡೋದು ಕಾಣುತ್ತದೆ. ಅದಕ್ಕೆ ಬೇವಿನ ಕಷಾಯ ಮತ್ತು ನೀಲಿ ಅಂಟು ಹಾಳೆ. ಮೈಟ್‌ಗೆ ನೀರಲ್ಲಿ ಕರಗುವ ಗಂಧಕ, ಸಾವಯವದಲ್ಲೂ ನಡೆಯುತ್ತದೆ. ಬಿಸಿಲು ಜೋರಿದ್ದಾಗ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತವೆ. ಮಗನನ್ನು ಅವತ್ತು ಗಿಡದ ಹತ್ತಿರ ಬಿಡಬೇಡಿ. ಎರಡು ದಿನ ಬಿಟ್ಟು ತೊಳೆದು ಬಳಸಿ.

ಮುಂದಿನ ವರ್ಷ ಗಿಡಗಳ ಸುತ್ತ ಎರಡು ಸಾಲು ಗೋವಿನಜೋಳ ಹಾಕಿ. ಹೊರಗಿನ ನುಸಿಗೆ ಗೋಡೆ ಇದ್ದ ಹಾಗೆ. ನಮ್ಮಪ್ಪ ಹೊಲದಲ್ಲಿ ಹಾಗೇ ಮಾಡುತ್ತಾರೆ. ತೆನೆ ಸುಟ್ಟು ತಿನ್ನೋಕೂ ಆಯ್ತು.

ಹೊಸ_ಹಿತ್ತಲು (ಹುಬ್ಬಳ್ಳಿ)

ಅಜ್ಜಿ, ಚಿಗುರು ಸೀಳಿ ನೋಡಿದೆ. ಹುಳ ನೀವು ಹೇಳಿದ ಹಾಗೆಯೇ ತಲೆ ಆಡಿಸಿತು, ನಾನು ಚಾಕು ಬಿಟ್ಟು ಓಡಿದೆ. ಆಮೇಲೆ ನಮ್ಮವರು ಬಂದು ಹನ್ನೊಂದು ಚಿಗುರು ಕತ್ತರಿಸಿ ಸುಟ್ಟರು. ಮೆಣಸಿನ ಎಲೆ ದೋಣಿಯ ಹಾಗಿವೆ, ಅಂದರೆ ಥ್ರಿಪ್ಸ್. ಟ್ರ್ಯಾಕ್ಟರ್ ಬೇಡ ಅಂದೆ. ಗದಗಿನವರೇ, ನಮ್ಮದು ನಳದ ನೀರು, ಬೇಸಿಗೆಯಲ್ಲಿ ಮಾತ್ರ ಬೋರ್.

ಬೇಸಿಗೆಯದನ್ನೂ ಹೇಳಿಬಿಡಿ ಅಜ್ಜಿ. ನೀರಿನದೇ ಚಿಂತೆ. ನಳ ವಾರಕ್ಕೊಮ್ಮೆ ಬರುತ್ತದೆ.

ಎರೆಸೀಮೆ_ಅಜ್ಜಿ (ಹುಬ್ಬಳ್ಳಿ)

ಬೇಸಿಗೆಯಲ್ಲಿ ಅರ್ಧ ಮಡಿ ಖಾಲಿ ಬಿಡು. ಮಣ್ಣು ಬಿಸಿಲು ಕುಡಿಯಲಿ. ಉಳಿದರ್ಧಕ್ಕೆ ಫೆಬ್ರುವರಿ ಕೊನೆಗೆ ಬೆಂಡಿ, ಚವಳಿ (ಗೋರಿಕಾಯಿ). ಏಪ್ರಿಲ್‌ನಲ್ಲಿ ರಾಜಗಿರಿ, ಕಿರಕಸಾಲಿ ಸೊಪ್ಪು. ಬಟ್ಟೆ ತೊಳೆಯುವ ಕಲ್ಲಿನ ಹತ್ತಿರ ಬಸಳೆ ಬಳ್ಳಿ. ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ಶೇಂಗಾ ಹೊಟ್ಟು ಅಥವಾ ಜೋಳದ ಕಣಿಕೆ ಹಾಸಿದರೆ ಬಿರುಕು ಅಷ್ಟು ಬಿಡಲ್ಲ. ಕುಂಬಾರರ ಹತ್ತಿರ ಬಣ್ಣ ಬಳಿಯದ ಸಣ್ಣ ಗಡಿಗೆ ತಂದು ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚು. ಸುತ್ತ ನಾಲ್ಕು ಗಿಡ. ನೀರು ತಾನೇ ಜಿನುಗುತ್ತದೆ. ನನಗೆ ಮೇ ತಿಂಗಳಲ್ಲೂ ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು.

ಮುಂದಿನ ಮುಂಗಾರಿಗೆ ಹೀರೆ, ಹಾಗಲ, ಪುಂಡಿಪಲ್ಲೆ. ಏರುಮಡಿ ಮೇಲೆ ಮಾತ್ರ. ಬಳ್ಳಿಗೆ ಮೇ ತಿಂಗಳಲ್ಲೇ ಚಪ್ಪರ ಕಟ್ಟಿಕೋ, ಮಳೆ ಬಂದ ಮೇಲೆ ಗುಂಟ ಹುಗಿಯಲು ಹೋಗಿ ಮತ್ತೆ ಚಪ್ಪಲಿ ಕಳಕೊಳ್ಳಬೇಡ.

ಮಡಿ ಯಾವಾಗ ಮಾಡುತ್ತೀ? ಹದ ನೋಡಿದೆಯಾ?

ಹೊಸ_ಹಿತ್ತಲು (ಹುಬ್ಬಳ್ಳಿ)

ಇವತ್ತು ಬೆಳಿಗ್ಗೆ ಮಗನ ಕೈಗೆ ಒಂದು ಹಿಡಿ ಮಣ್ಣು ಕೊಟ್ಟೆ. ಜೋಡೆತ್ತು ಮಾಡಿ ಕಿಟಕಿಯಲ್ಲಿ ಇಟ್ಟಿದ್ದಾನೆ. ನಾಲ್ಕೂ ಕೋಡು ನೆಟ್ಟಗೆ ನಿಂತಿವೆ, ಒಂದಕ್ಕೆ ಬಾಲವೂ ಇದೆ.

ಎರೆಸೀಮೆ_ಅಜ್ಜಿ (ಹುಬ್ಬಳ್ಳಿ)

ಹಾಗಾದರೆ ಸಲಿಕೆ ಒಳಗೇ ಇರಲಿ. ಮಳೆ ಬರದಿದ್ದರೆ ಭಾನುವಾರ ಇನ್ನೊಂದು ಎತ್ತು ಮಾಡಿಸು.