ಪ್ರಶ್ನೆಯನ್ನು ಪ್ಯಾಸಿವ್‌ಗೆ ತಿರುಗಿಸಿದಾಗ ‘ಡಿಡ್’ ಎಲ್ಲಿ ಹೋಗುತ್ತದೆ?

ಪ್ರಶ್ನೆ (ಒಬ್ಬ ತಾಯಿ, ಸೋಮವಾರಪೇಟೆ): ನಮಸ್ಕಾರ ಸರ್. ಮಗಳು ಎಸ್ಸೆಸ್ಸೆಲ್ಸಿ. ಮಾಮೂಲಿ ವಾಕ್ಯವನ್ನು ಪ್ಯಾಸಿವ್ (ಕರ್ಮಣಿ ಪ್ರಯೋಗ) ಮಾಡುತ್ತಾಳೆ, ಪ್ರಶ್ನೆ ಬಂದರೆ ತಡಬಡಾಯಿಸುತ್ತಾಳೆ. ‘ಡಿಡ್ ದಿ ವರ್ಕರ್ಸ್ ಪಿಕ್ ದಿ ಕಾಫಿ?’ ಇದನ್ನು ‘ಡಿಡ್ ದಿ ಕಾಫಿ ವಾಸ್ ಪಿಕ್ಡ್ ಬೈ ದಿ ವರ್ಕರ್ಸ್?’ ಎಂದು ಬರೆದಿದ್ದಾಳೆ. ತಪ್ಪು ಅಂತ ಗೊತ್ತು, ಹೇಗೆ ಹೇಳಿಕೊಡಲಿ?

ಉತ್ತರ (ಇಂಗ್ಲಿಷ್ ಮೇಷ್ಟ್ರು, ಮಡಿಕೇರಿ): ಪ್ರಶ್ನೆಯನ್ನು ನೇರವಾಗಿ ತಿರುಗಿಸಲು ಬಿಡಬೇಡಿ ಅಮ್ಮ. ಮೊದಲು ಅದನ್ನು ಮಾಮೂಲಿ ವಾಕ್ಯ ಮಾಡಿಸಿ: ‘ದಿ ವರ್ಕರ್ಸ್ ಪಿಕ್ಡ್ ದಿ ಕಾಫಿ.’ ಡಿಡ್ ಇಲ್ಲೇ ಮಾಯವಾಯಿತು, ಅಲ್ವಾ? ಅದರ ಭೂತಕಾಲ ಪಿಕ್ಡ್‌ಗೆ ಸೇರಿತು. ಈಗ ಪ್ಯಾಸಿವ್: ‘ದಿ ಕಾಫಿ ವಾಸ್ ಪಿಕ್ಡ್ ಬೈ ದಿ ವರ್ಕರ್ಸ್.’ ಇನ್ನು ವಾಸ್ ಅನ್ನು ಮುಂದೆ ತಂದರೆ ಮುಗಿಯಿತು: ‘ವಾಸ್ ದಿ ಕಾಫಿ ಪಿಕ್ಡ್ ಬೈ ದಿ ವರ್ಕರ್ಸ್?’

ಕಾಫಿ ಬದಲು ಬೆರ್ರೀಸ್ ಇದ್ದರೆ ವಾಸ್ ಅಲ್ಲ, ವರ್. ಡು, ಡಸ್ ಇದ್ದ ಕಡೆ ಈಸ್, ಆರ್ ಬರುತ್ತದೆ. ವಿಲ್, ಕ್ಯಾನ್ ಹಾಗೇ ಉಳಿಯುತ್ತವೆ, ಜೊತೆಗೆ ‘ಬಿ’ ಸೇರುತ್ತದೆ. ಮಕ್ಕಳು ಜಾಸ್ತಿ ಮರೆಯುವುದು ‘ಬೀಯಿಂಗ್’. ‘ಈಸ್ ಹಿ ಡ್ರೈಯಿಂಗ್ ದಿ ಪೆಪ್ಪರ್?’ ಎಂಬುದು ‘ಈಸ್ ದಿ ಪೆಪ್ಪರ್ ಬೀಯಿಂಗ್ ಡ್ರೈಡ್ ಬೈ ಹಿಮ್?’ ಆಗಬೇಕು.

ಪ್ರಶ್ನೆ (ಅದೇ ತಾಯಿ): ಪ್ರಶ್ನೆ ‘ಹೂ’ (ಯಾರು) ಇಂದ ಶುರುವಾದರೆ?

ಉತ್ತರ: ‘ಹೂ ಬಿಲ್ಟ್ ದಿ ಓಂಕಾರೇಶ್ವರ ಟೆಂಪಲ್?’ ತಗೊಳ್ಳಿ. ಇಲ್ಲಿ ಹೂ ಎಂಬುದೇ ಕಟ್ಟಿದವರು, ಅಂದರೆ ಕರ್ತೃ. ಹಾಗಾಗಿ ‘ಬೈ ಹೂಮ್ ವಾಸ್ ದಿ ಓಂಕಾರೇಶ್ವರ ಟೆಂಪಲ್ ಬಿಲ್ಟ್?’ ಮಾತಾಡುವಾಗ ಹೀಗೆ ಕೇಳುವವರು ಕಡಿಮೆ, ‘ಹೂ ವಾಸ್ ಇಟ್ ಬಿಲ್ಟ್ ಬೈ?’ ಅನ್ನುವುದೇ ಹೆಚ್ಚು. ಪರೀಕ್ಷೆಗೆ ಮಾತ್ರ ಬೈ ಹೂಮ್ ಬರೆಯಲಿ. (ಮಡಿಕೇರಿಯ ಈ ಗುಡಿ ಕಟ್ಟಿಸಿದ್ದು ಕೊಡಗಿನ ದೊರೆ ಲಿಂಗರಾಜೇಂದ್ರ, 1820ರಲ್ಲಿ. ಅದೂ ಗೊತ್ತಿರಲಿ.) ವಾಟ್, ವೇರ್, ವೆನ್ ಇದ್ದರೆ ಅವು ಮೊದಲಲ್ಲೇ ನಿಲ್ಲುತ್ತವೆ: ‘ವೇರ್ ಡಿಡ್ ದೇ ಪ್ಲಾಂಟ್ ದಿ ಪೆಪ್ಪರ್?’ ಎಂಬುದು ‘ವೇರ್ ವಾಸ್ ದಿ ಪೆಪ್ಪರ್ ಪ್ಲಾಂಟೆಡ್?’ ಆಗುತ್ತದೆ. ‘ಬೈ ದೆಮ್’ ಬಿಟ್ಟರೂ ಅರ್ಥ ಕೆಡುವುದಿಲ್ಲ.

ಇನ್ನೊಬ್ಬರು (ವಿರಾಜಪೇಟೆ): ಸರ್, ‘ಡಿಡ್ ಯು ಗೋ ಟು ಮಡಿಕೇರಿ?’ ಎಷ್ಟು ತಿರುಗಿಸಿದರೂ ಆಗುತ್ತಿಲ್ಲ.

ಉತ್ತರ: ಆಗುವುದಿಲ್ಲ, ಸುಮ್ನೆ ಬಿಡಿ. ಏನನ್ನು ಹೋದೆ ಎಂದು ಕೇಳಲು ಬರುತ್ತದೆಯೇ? ‘ಏನನ್ನು’ ಎಂಬುದಕ್ಕೆ ಉತ್ತರವಾಗುವ ಕರ್ಮಪದ ಆ ವಾಕ್ಯದಲ್ಲಿ ಇಲ್ಲ. ಪ್ಯಾಸಿವ್‌ನಲ್ಲಿ ಮುಂದೆ ತಂದು ಕೂರಿಸಲು ಏನೂ ಇಲ್ಲ.